ಎಣ್ಣೆ ಕುಡಿದ ಫಿರೋಜಾ

ನಿಜಾಮರ ಊರಿನ ಅಂಚಿನ ಕೊಂಡಾಪುರ ಅಂದರೆ ಸುಹಾಸಿನಿಗೆ ಮೈಯೆಲ್ಲ ಉರಿಯುತ್ತಿತ್ತು. ಮೊನ್ನೆ ಮೊನ್ನೆಯವರೆಗೆ ಬಂಡೆಗಲ್ಲು, ಸೀತಾಫಲದ ಗಿಡ ಬಿಟ್ಟರೆ ಇನ್ನೇನೂ ಇಲ್ಲದ ಜಾಗ. ಈಗ ಅಲ್ಲಿ ಗಾಜಿನ ಆಫೀಸುಗಳೆದ್ದು, ಕೊರಳಿಗೆ ಕಂಪನಿಯ ಪಟ್ಟಿ ನೇತುಹಾಕಿಕೊಂಡ ಹುಡುಗ ಹುಡುಗಿಯರು ಬಾಳೆಹಣ್ಣಿನ ಬೆಲೆ ಕೇಳುವುದಕ್ಕೂ ಇಂಗ್ಲಿಷು ಬಳಸುತ್ತಿದ್ದರು. ತನ್ನ ಮಗ ಕೌಸ್ತುಭನೂ ಅವರಲ್ಲೊಬ್ಬ ಎಂಬುದನ್ನು ಆಕೆ ಹೇಗೋ ನುಂಗಿಕೊಂಡಿದ್ದಳು. ಅದೇ ಆಫೀಸಿನ ಮಾನಸಾಳನ್ನು ಮದುವೆಯಾಗುತ್ತೇನೆ ಎಂದು ಅವನು ಹೇಳಿದ ಮಾತು ಮಾತ್ರ ಗಂಟಲಲ್ಲೇ ಸಿಕ್ಕಿಕೊಂಡಿತು.

ಹುಡುಗಿಯ ತಂದೆ ಸೋಮಣ್ಣ ನಾಚಾರಂನಲ್ಲಿ ನಟ್ಟು ಬೋಲ್ಟು ಮಾಡುವ ಸಣ್ಣ ಕಾರ್ಖಾನೆ ಇಟ್ಟವನು. ಬಾಯಿ ತೆಗೆದರೆ 'ಐತಿ'. ಸುಹಾಸಿನಿಯ ಕಾಚಿಗುಡದ ಮನೆಯಲ್ಲಿ 'ಅದ' ಎನ್ನುವುದು ರೂಢಿ. 'ಐತಿ' ಅಂದವರನ್ನು ಆಕೆ ನಡುಮನೆಯ ಕುರ್ಚಿಯಲ್ಲಿ ಕೂಡಿಸಿದರೂ ಮನಸ್ಸಿನಲ್ಲಿ ಹೊಸ್ತಿಲಾಚೆಗೇ ನಿಲ್ಲಿಸುತ್ತಿದ್ದಳು. ಅಜ್ಜ ನಿಜಾಮರ ಸರಕಾರದಲ್ಲಿ ತಹಶೀಲ್ದಾರ, ಅಪ್ಪ ಹೆಸರಾಂತ ವಕೀಲ. ಗಂಡ ವಾಸುದೇವ ಕೇಂದ್ರ ಸರಕಾರದ ನೌಕರಿಯಿಂದ ನಿವೃತ್ತ; ಆತನ ಬಗ್ಗೆ ಆಕೆ ಹೆಚ್ಚೇನೂ ಹೇಳುತ್ತಿರಲಿಲ್ಲ. ಹೇಳುವಂಥದ್ದು ಏನಿದೆ? ಪೇಪರ್ ಓದುತ್ತಾನೆ, ಬಡಿಸಿದ್ದು ಉಣ್ಣುತ್ತಾನೆ, ಕೇಳಿದ್ದಕ್ಕೆ ಹೂಂ ಅನ್ನುತ್ತಾನೆ.

ಈ ಮದುವೆ ಬೇಡ ಎಂದು ನೇರವಾಗಿ ಹೇಳಿದರೆ ಮಗ ಸೀದಾ ರಿಜಿಸ್ಟರ್ ಆಫೀಸಿಗೆ ಹೋಗುವವನು. ಆದ್ದರಿಂದ ಹುಡುಗಿಯಲ್ಲೇ ಒಂದು ಹುಳುಕು ಸಿಗಬೇಕು, ಅದೂ ನಾಲ್ಕು ಜನರ ಮುಂದೆ ಬಯಲಾಗಬೇಕು, ಅವನೇ ನಾಚಿಕೊಂಡು ಆಕೆಯನ್ನು ಬಿಡಬೇಕು. ಸುಹಾಸಿನಿ ಬಾಯಿಮಾತಿಗೆ ಒಪ್ಪಿಕೊಂಡು ಕಾಯುತ್ತಿದ್ದಳು.

ಹುಳುಕು ತಾನಾಗಿಯೇ ಬಾಗಿಲಿಗೆ ಬಂತು. ಕಂಪನಿಯ ಕೆಲಸಕ್ಕೆಂದು ಅಮೆರಿಕಾಕ್ಕೆ ಹೋಗಿದ್ದ ಮಾನಸಾ ವಾಪಸು ಬರುವಾಗ ಭಾವೀ ಅತ್ತೆಗೆ ಒಂದು ಫಿರೋಜಾ ಹರಳಿನ ಪದಕ ತಂದಳು. ಬೆಳ್ಳಿಯ ಕಟ್ಟಿನ ನಡುವೆ ನೀಲಿ ಹರಳು, ಅದರ ತುಂಬ ಕಂದು ಗೆರೆಗಳು. ಬಾಡಿದ ಎಲೆಯ ನರಗಳಂಥ ಆ ಗೆರೆ ನೋಡಿಯೇ ಸುಹಾಸಿನಿ ಮೂಗು ಮುರಿದಳು.

"ಅರಿಜೋನಾದ್ದು ರೀ ಇದು," ಎಂದಳು ಹುಡುಗಿ. "ಎಣ್ಣಿ, ಸಾಬೂನು, ಸೆಂಟು ತಾಕಿಸಬ್ಯಾಡ್ರಿ. ಭಾಳ ನಾಜೂಕ ಐತಿ."

ಎಣ್ಣೆ ತಾಕಿಸಬಾರದಂತೆ! ಸುಹಾಸಿನಿಯ ಕಿವಿಗಳು ನೆಟ್ಟಗಾದವು. ಆಕೆಯ ತವರಲ್ಲಿ ಬಣ್ಣದ ಹರಳು ಮನೆಗೆ ಬಂದರೆ ಮೊದಲು ಅದನ್ನು ಕುಸುಬಿ ಎಣ್ಣೆಯ ಬಟ್ಟಲಲ್ಲಿ ಮುಳುಗಿಸಿ ದೇವರ ಗೂಡಿನಲ್ಲಿ ಇಡುವ ಪದ್ಧತಿ. ಬಣ್ಣ ಬಿಟ್ಟರೆ ಖೋಟಾ, ನಿಂತರೆ ಅಸಲಿ. ಅಜ್ಜಿ ಹೀಗೆಯೇ ಎಷ್ಟೋ ಜವಾಹರಿಗಳ ಬಂಡವಾಳ ಬಯಲು ಮಾಡಿದ್ದಳಂತೆ. ಮುತ್ತಿನ ಊರಲ್ಲಿ ಹುಟ್ಟಿ ಬೆಳೆದವಳ ಕೊರಳಿಗೆ ಪ್ಲಾಸ್ಟಿಕ್ಕು ಕಟ್ಟಲು ಬಂದಿದ್ದಾಳೆ, ನಟ್ಟು ಬೋಲ್ಟಿನವನ ಮಗಳು! ಹುಡುಗಿ ಗೇಟು ದಾಟುವ ಮುನ್ನವೇ ಪದಕ ಎಣ್ಣೆಯಲ್ಲಿತ್ತು.

ಕೆಲವು ದಿನ ಕಳೆದು ತೆಗೆದರೆ ನೀಲಿ ಮಾಯ. ಹರಳು ಹಳಸಿದ ಪಲ್ಯದ ಹಾಗೆ ಹಸಿರಾಗಿ ಕೂತಿತ್ತು. ಮಗ ಹುಟ್ಟಿದಾಗಲೂ ಸುಹಾಸಿನಿ ಇಷ್ಟು ಹಿಗ್ಗಿದ್ದಳೋ ಇಲ್ಲವೋ. ಯಾರಿಗೂ ಹೇಳದೆ ಪದಕವನ್ನು ಒರೆಸಿ ಕಪಾಟಿನಲ್ಲಿಟ್ಟು, ಮುಹೂರ್ತ ಗೊತ್ತು ಮಾಡುವ ದಿನದ ದಾರಿ ನೋಡಿದಳು.

ಅವತ್ತು ಸೋಮಣ್ಣ, ಮಾನಸಾ, ಕೌಸ್ತುಭ, ಪುರೋಹಿತರಾದ ಆಚಾರ್ಯರು, ಸುಹಾಸಿನಿಯ ನಾದಿನಿ ಮಂದಾಕಿನಿ ಎಲ್ಲರೂ ನಡುಮನೆಯಲ್ಲಿ ಸೇರಿದ್ದರು. ವಾಸುದೇವ ಎಂದಿನಂತೆ ಮೂಲೆಯ ಕುರ್ಚಿಯಲ್ಲಿ ಪೇಪರಿನ ಹಿಂದಿದ್ದ. ಆಚಾರ್ಯರು ಪಂಚಾಂಗ ಬಿಡಿಸುವಷ್ಟರಲ್ಲಿ ಸುಹಾಸಿನಿ ಪದಕವನ್ನು ತಟ್ಟೆಯಲ್ಲಿಟ್ಟು ತಂದಳು.

"ಪಂಚಾಂಗ ಆಮೇಲೆ ನೋಡೂಣಂತ ಆಚಾರ್ರೆ. ಮೊದಲ ಇದನ್ನ ನೋಡ್ರಿ. ಅಮೆರಿಕಾದ ಫಿರೋಜಾ ಅಂತ ಹೇಳಿ ಕೊಟ್ಟಾಳ. ಎಣ್ಣ್ಯಾಗ ಇಟ್ಟರ ಬಣ್ಣ ಬಿಟ್ಟದ. ಮನಿಗೆ ಕಾಲಿಡೂಕಿಂತ ಮೊದಲನ ಖೋಟಾ ಮಾಲು ಕೊಡೋ ಹುಡುಗಿ!"

"ಅಕ್ಕಾರ, ನಮ್ಮ ಹುಡುಗಿ ಅಂಥಾಕಿ ಅಲ್ರಿ," ಎಂದ ಸೋಮಣ್ಣನ ಮುಖ ಕೆಂಪಾಯಿತು. ಕೌಸ್ತುಭ ಎದ್ದು ನಿಂತ. ಸುಹಾಸಿನಿ ಇಬ್ಬರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದೆ ನೀಲಿ ಹರಳಿನ ಉಂಗುರ ತೊಟ್ಟ ತನ್ನ ಬೆರಳನ್ನು ಎಲ್ಲರ ಮುಂದೆ ಚಾಚಿದಳು.

"ಅಸಲಿ ಫಿರೋಜಾ ಅಂದ್ರ ಇದು! ನಿಜಾಮರ ಕಾಲದ್ದು. ಮದುವಿ ಹೊಸದಾಗ ಇವರು ತಂದದ್ದು. ಎಣ್ಣಿ ನೀರು ಹಾಕ್ಕೊಳ್ಳೂಮುಂದ ತಗದಿಲ್ಲ, ಅರಿಶಿಣ ಕಲಸೂಮುಂದ ತಗದಿಲ್ಲ. ಮೂವತ್ತು ವರ್ಷಾತು, ಬಣ್ಣ ಒಂದು ಚೂರು ಕದಲಿಲ್ಲ!"

ಮಾನಸಾ ತಟ್ಟೆಯಿಂದ ಪದಕ ಎತ್ತಿಕೊಂಡಳು. ಅಳಲಿಲ್ಲ, ಕ್ಷಮೆ ಕೇಳಲಿಲ್ಲ. ಅದಕ್ಕೇ ಸುಹಾಸಿನಿಗೆ ಇನ್ನಷ್ಟು ಸಿಟ್ಟು.

"ಅರಿಜೋನಾದ ಮರಳುಗಾಡಿನ್ಯಾಗ ಬಿಸ್ಬೀ ಅಂತ ಒಂದು ಊರು ಐತ್ರಿ," ಎಂದಳು. "ತಾಮ್ರದ ಗಣಿ ಇದ್ದ ಊರು. ಅಲ್ಲಿ ಮಳಿ ಅಪರೂಪ. ಬಿದ್ದ ನಾಲ್ಕು ಹನಿ ತಾಮ್ರದ ಕಲ್ಲಿನ ಬಿರುಕಿನ್ಯಾಗ ಇಳಿದು ಇಳಿದು, ಎಷ್ಟು ಕಾಲಕ್ಕೋ ಇದರದೊಂದು ಎಳಿ ಕಟ್ಟತೈತಿ. ಕಂಪನಿಗೆ ಬೇಕಾಗಿದ್ದು ತಾಮ್ರ, ಇದನ್ನ ಕಸದ ಜೋಡಿ ಗುಡ್ಡಿ ಹಾಕಿದ್ರು. ಗಣಿ ಆಳುಗಳು ಬುತ್ತಿ ಡಬ್ಬ್ಯಾಗ ಮುಚ್ಚಿ ಮನಿಗೆ ಒಯ್ದರು. ಆ ಸೀಮಿಯೊಳಗ ಬಿಳೇರು ಬರೋಕಿಂತ ಎಷ್ಟೋ ಮೊದಲ ಮೂಲದ ಮಂದಿ ಕಲ್ಲಿನ ಸುತ್ತಿಗಿಯಿಂದ ಫಿರೋಜಾ ಅಗೀತಿದ್ರು, ಮೆಕ್ಸಿಕೋತನಕ ಅದರ ವ್ಯಾಪಾರ ನಡೀತಿತ್ತು."

"ಪಾಠ ಸಾಕು," ಎಂದಳು ಸುಹಾಸಿನಿ. "ಕಸದ ಗುಡ್ಡಿ ಅಂತ ನೀನ ಒಪ್ಪಿಕೊಂಡಿ. ಬಣ್ಣ ಯಾಕ ಹೋತು, ಅದನ್ನ ಹೇಳು."

"ಅಸಲಿ ಇರೂದಕ್ಕ ಹೋತ್ರಿ. ಈ ಕಲ್ಲಿನ ಮೈ ತುಂಬ ಕಣ್ಣಿಗೆ ಕಾಣದಂಥ ತೂತು ಇರತಾವ. ಎಣ್ಣಿ, ಬೆವರು, ಏನು ತಾಕಿದ್ರೂ ಕುಡೀತೈತಿ, ಕುಡಿದು ಹಸಿರಾಗತೈತಿ. ಅದಕ್ಕ ಬ್ಯಾಡಂದಿದ್ದೆ. ಅಂಟು ಕುಡಿಸಿ ಗಟ್ಟಿ ಮಾಡಿದ ಕಲ್ಲು, ಇಲ್ಲಾ ಗಾಜು, ಪ್ಲಾಸ್ಟಿಕ್ಕು, ಇವಕ್ಕ ಏನೂ ಆಗೂದಿಲ್ರಿ. ಮೂವತ್ತು ವರ್ಷ ಎಣ್ಣಿ ಹಚ್ಚಿದ್ರೂ ಹಂಗ ಇರತಾವ."

ಉಂಗುರದ ಕಡೆ ಆಕೆ ನೋಡಲೂ ಇಲ್ಲ. ಉಳಿದವರೆಲ್ಲ ನೋಡುತ್ತಿದ್ದರು. ಮಂದಾಕಿನಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು; ಅವಳ ಭುಜ ಕುಲುಕುತ್ತಿದ್ದುದನ್ನು ಸುಹಾಸಿನಿ ಕಂಡಳು. ಅವಮಾನದಿಂದ ಆಕೆಯ ಕಿವಿಯ ತುದಿಯವರೆಗೂ ಬಿಸಿಯಾಯಿತು. ಈ ಮೂವತ್ತು ವರ್ಷದಲ್ಲಿ ಮೊದಲ ಸಲ ಆಕೆ ಗಂಡನ ಆಸರೆ ಕೇಳಿದಳು.

"ನೀವಾದರೂ ಬಾಯಿ ಬಿಡ್ರಿ! ಎಲ್ಲಿಂದ ತಂದ್ರಿ ಈ ಉಂಗುರಾ, ಹೇಳ್ರಿ ಇವರಿಗೆ!"

ವಾಸುದೇವ ಪೇಪರು ಮಡಚಿದ. "ಕೋಠಿ ಬಜಾರದಾಗ. ಬಸ್ ಸ್ಟ್ಯಾಂಡ್ ಬಾಜೂಕ, ಬಳಿ ಮಾರೋ ಬಂಡ್ಯಾಗ."

"ಮತ್ತ ಇಷ್ಟು ವರ್ಷ ನನಗ ಒಂದು ಮಾತು ಹೇಳಲಿಲ್ಲಲ್ಲ?"

"ಹೇಳಿದ್ದೆ," ಎಂದ ವಾಸುದೇವ. ದನಿಯಲ್ಲಿ ಸಿಟ್ಟೂ ಇರಲಿಲ್ಲ, ಮರುಕವೂ ಇರಲಿಲ್ಲ. "ತೊಡಿಸಿದ ದಿನಾನ ಹೇಳಿದ್ದೆ, ಬಂಡ್ಯಾಗಿನದು, ಗಾಜು ಇರಬೇಕು ಅಂತ. ನೀ ನಕ್ಕಿ. 'ನಿಮಗೇನ ತಿಳೀತದ ಹರಳಿನ ವಿಷಯ, ಇದು ನಿಜಾಮರ ಕಾಲದ್ದದ' ಅಂದಿ. ನಾ ಸುಮ್ಮನಾದೆ. ಅವತ್ತಿನಿಂದ ಸುಮ್ಮನ ಇದ್ದೀನಿ."

ವಾಸುದೇವ ಕುರ್ಚಿಯನ್ನು ಸೋಮಣ್ಣನ ಪಕ್ಕಕ್ಕೆ ಎಳೆದುಕೊಂಡು ಕೂತ.

"ಆಚಾರ್ರೆ, ಮಾಘದಾಗ ಒಂದು ಒಳ್ಳೆ ದಿನ ನೋಡ್ರಿ," ಎಂದ.

ಆಚಾರ್ಯರು ಸೋಮಣ್ಣನನ್ನು ಕೇಳಿದರು, ಮಾನಸಾಳನ್ನು ಕೇಳಿದರು, ಕೌಸ್ತುಭನನ್ನೂ ಕೇಳಿದರು. ಸುಹಾಸಿನಿಯನ್ನು ಯಾರೂ ಕೇಳಲಿಲ್ಲ.