ಎಪ್ಪತ್ತೊಂಬತ್ತು ಕ್ರೋನದ ರೀಡರ್

ನನ್ನ ನಾಯಿ ಸ್ಟಿನಾಳನ್ನು ಕೊಂದವನು ಹಾಲ್ವಾರ್. ಇದನ್ನು ನಾನು ಅವನ ಮುಖದ ಮೇಲೆಯೇ ಹೇಳಿದ್ದೆ, ಅದೂ ಬೇಟೆಯಾಡಿದ ಮೂಸ್ ಎಂಬ ದೊಡ್ಡ ಕಾಡುಜಿಂಕೆಯ ಮಾಂಸದ ಪಾಲು ಹಾಕುವ ದಿನ. ನಮ್ಮ ಬೇಟೆ ತಂಡದ ಒಬ್ಬ ಯಾವುದು ಯಾರಿಗೆ ಎಂದು ಕಾಣದಂತೆ ಮಾಂಸದ ಗುಡ್ಡೆಗಳಿಗೆ ಬೆನ್ನು ಮಾಡಿ ನಿಂತಿದ್ದ. ಹಿಂದಿನಿಂದ ಇನ್ನೊಬ್ಬ ಒಂದು ಗುಡ್ಡೆ ಮುಟ್ಟಿ "ಇದು ಯಾರಿಗೆ?" ಎಂದು ಕೂಗಿದಾಗ ಬೆನ್ನು ಮಾಡಿದವನ ಬಾಯಲ್ಲಿ ನನ್ನ ಹೆಸರು ಬಂತು. "ಕೊಲೆಗಾರನ ಕೈಯಿಂದ ನನಗೆ ಪಾಲು ಬೇಡ" ಎಂದೆ. ಹಾಲ್ವಾರ್ ತಂಡದ ಮುಖ್ಯಸ್ಥ, ಪಾಲು ಹಾಕಿಸುವವನು ಅವನೇ. ಭಾನುವಾರದ ಸಭೆಯಲ್ಲಿ ರುಜುವಾತು ತೋರಿಸು, ಇಲ್ಲವಾದರೆ ತಂಡ ಬಿಡು ಎಂದ.

ರುಜುವಾತು ನನ್ನ ಜೇಬಿನಲ್ಲಿತ್ತು. ಕಾಡಿನಲ್ಲಿ ಮೂಸ್ ನೆಕ್ಕಲೆಂದು ಇಟ್ಟ ಉಪ್ಪುಗಲ್ಲಿನ ಹತ್ತಿರ ಮರಕ್ಕೆ ನಾನೊಂದು ಕ್ಯಾಮೆರಾ ಕಟ್ಟಿದ್ದೆ. ಎದುರಿಗೆ ಏನು ಹಾದರೂ ಅದು ತಾನೇ ಫೋಟೋ ಹೊಡೆಯುತ್ತದೆ. ಸ್ಟಿನಾಳ ಕೊರಳಪಟ್ಟಿ ಸಿಕ್ಕಿದ್ದು ಅಲ್ಲೇ, ಚಾಕುವಿನಿಂದ ಕೊಯ್ದ ಹಾಗೆ ತುಂಡಾಗಿತ್ತು. ಅವಳು ಸಿಗಲಿಲ್ಲ. ಅವಳು ಕಾಣೆಯಾದ ಬೆಳಗ್ಗೆ ಆರೂವರೆಗೆ ಹಾಲ್ವಾರ್ ಬೇಟೆಯ ರೇಡಿಯೋದಲ್ಲಿ, "ನಾಯಿ ಬಿಡಬೇಡ, ರಸ್ತೇಲಿ ತೋಳದ ಹೆಜ್ಜೆ ಇದೆ" ಎಂದಿದ್ದ. ಒಳ್ಳೆ ಜಾಗ ತನಗೇ ಉಳಿಯಲಿ ಎಂದು ಸುಳ್ಳು ಹೇಳುತ್ತಿದ್ದಾನೆ ಎಂದುಕೊಂಡು ಏಳು ದಾಟುತ್ತಲೇ ಅವಳನ್ನು ಬಿಟ್ಟೇ ಬಿಟ್ಟೆ.

ಕ್ಯಾಮೆರಾದ ಮೆಮೊರಿ ಕಾರ್ಡ್ ನನ್ನ ಕಂಪ್ಯೂಟರಿಗೆ ಹೋಗುವುದಿಲ್ಲ, ಅದಕ್ಕೊಂದು ರೀಡರ್ ಬೇಕು. ಊರಿಗೆ ಇರುವುದು ಒಂದೇ ಅಂಗಡಿ. ನಡೆಸುವವಳು ಗುನ್‌ಬ್ರಿಟ್, ಹಾಲ್ವಾರನ ತಂಗಿ.

ಅವಳು ಎರಡು ರೀಡರ್ ಇಟ್ಟಳು. ಒಂದು ಎಪ್ಪತ್ತೊಂಬತ್ತು ಕ್ರೋನ, ಇನ್ನೊಂದು ಇನ್ನೂರ ನಲವತ್ತೊಂಬತ್ತು.

"ಕಾರ್ಡ್ ಎಷ್ಟು ಜಿಬಿದು?"

"ನಿನಗ್ಯಾಕೆ?"

"ಮದುವೆ ಮಾಡ್ಕೊಳ್ಳೋಕಲ್ಲ ಕಣೋ ಕೇಳ್ತಿರೋದು. ಮೂವತ್ತೆರಡಕ್ಕಿಂತ ಜಾಸ್ತಿ ಇದ್ರೆ ಅಗ್ಗದ್ದು ಓದಲ್ಲ. ಹಳೇ ಸರಕು ಅದು."

ಅರವತ್ತನಾಲ್ಕು ಎಂದು ಕಾರ್ಡಿನ ಮೇಲೇ ಇತ್ತು. ಹೇಳಲಿಲ್ಲ. ದುಬಾರಿಯದನ್ನು ನನ್ನ ತಲೆಗೆ ಕಟ್ಟುವ ಉಪಾಯ ಎಂದುಕೊಂಡೆ.

"ಇಲ್ಲೇ ಹಾಕಿ ನೋಡ್ಬಿಡು," ಎಂದು ಕೈ ಚಾಚಿದಳು.

"ನಿನ್ನ ಕೈಗಾ? ನರಿ ಕೈಗೆ ಕೋಳಿ ಕೊಟ್ಟಂಗೆ."

"ಹೋಗು, ನಿನ್ನಿಷ್ಟ."

ಅಗ್ಗದ್ದನ್ನೇ ತಂದೆ. ಮನೆಯಲ್ಲಿ ಹಾಕಿದರೆ ಕಂಪ್ಯೂಟರ್ ಒಂದೇ ಮಾತು ಕೇಳಿತು: ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು, ಮಾಡಲೇ? ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವನು ನಾನು. ಆದರೂ ಫಾರ್ಮ್ಯಾಟ್ ಎಂದರೆ ಎಲ್ಲ ಅಳಿಸುವುದು ಎಂದು ಗೊತ್ತು. ಅಣ್ಣನನ್ನು ಉಳಿಸಲು ಅವಳು ಬೇಕೆಂದೇ ಕೆಟ್ಟ ರೀಡರ್ ಮುಂದಿಟ್ಟಿದ್ದಾಳೆ! ಕಾರ್ಡ್ ಕಿತ್ತುಕೊಂಡು ಅಂಗಡಿಗೆ ಓಡಿದೆ.

"ಅಳಿಸೋಕೆ ನೋಡ್ತಿದೀಯಾ ಕಳ್ಳಿ!"

ಗುನ್‌ಬ್ರಿಟ್ ಬೈಯಲಿಲ್ಲ. "ಓದೋಕಾಗ್ದೆ ಇದ್ರೆ ಅದು ಹಂಗೇ ಕೇಳೋದು. ಹೂಂ ಅಂದ್ಯಾ?"

"ಇಲ್ಲ."

"ಸದ್ಯ. ಕಾರ್ಡಿನ ಪಕ್ಕ ಸಣ್ಣ ಗುಂಡಿ ಇದ್ಯಲ್ಲ, ಕೆಳಕ್ಕೆ ಎಳಿ. ಇನ್ಮೇಲೆ ಬರೀ ನೋಡ್ಬಹುದು, ಯಾರೂ ಅಳಿಸೋಕಾಗಲ್ಲ. ನಾನು ಮುಟ್ಟಲ್ಲ, ಬಾ, ಅಂಗಡಿ ಕಂಪ್ಯೂಟರ್ ಮುಂದೆ ನೀನೇ ಕೂತ್ಕೋ."

ಉಗುರಿನಿಂದ ಎಳೆದೆ. ಎರಡು ಸಲ ಪರೀಕ್ಷಿಸಿದೆ. ಅವಳು ದುಬಾರಿ ರೀಡರಿನ ಪೊಟ್ಟಣ ಹರಿದು ಕೊಟ್ಟು, ದೂರ ಹೋಗಿ ಕಪಾಟಿಗೆ ಒರಗಿ ನಿಂತಳು. ಅವಳ ಕೈ ಎಲ್ಲಿದೆ ಎಂದು ನೋಡುತ್ತಲೇ ಕಾರ್ಡ್ ತೂರಿಸಿದೆ.

ಫೋಟೋಗಳು ತೆರೆದವು. ನರಿ. ಮರಿಯೊಂದಿಗೆ ಹೆಣ್ಣು ಮೂಸ್. ಆಮೇಲೆ ಆ ಬೆಳಗ್ಗೆ ಐದೂ ಐವತ್ತಕ್ಕೆ, ಒಂದರ ಹಿಂದೊಂದು, ಮೂರು ತೋಳ. ಹಾಲ್ವಾರನ ಕರೆ ಬರುವುದಕ್ಕೆ ನಲವತ್ತು ನಿಮಿಷ ಮುಂಚೆ.

ಗಡಿಯಾರ ತಪ್ಪಿರಬೇಕು ಎಂದು ತಡಕಾಡಿದೆ. ಆದರೆ ಸಮಯ ಹೊಂದಿಸಿದ್ದವನು ನಾನೇ.

ಏಳೂ ಹನ್ನೆರಡಕ್ಕೆ ಸ್ಟಿನಾ. ಮೂಗು ನೆಲಕ್ಕೆ, ಬಾಲ ಮೇಲೆ, ತೋಳಗಳು ಹೋದ ದಾರಿಯಲ್ಲೇ ಓಡುತ್ತಿದ್ದಳು. ನಾನು ಬಿಟ್ಟು ಹತ್ತು ನಿಮಿಷವೂ ಆಗಿರಲಿಲ್ಲ. ಏಳೂ ಇಪ್ಪತ್ತರ ಫೋಟೋದಲ್ಲಿ ಒಂದು ತೋಳ ಏನನ್ನೋ ಎಳೆಯುತ್ತಿತ್ತು. ಅದನ್ನು ದೊಡ್ಡದು ಮಾಡಲಿಲ್ಲ. ಯಾವ ಫೋಟೋದಲ್ಲೂ ಮನುಷ್ಯರಿಲ್ಲ. ಕೊರಳಪಟ್ಟಿ ಕೊಯ್ದದ್ದು ಚಾಕುವಲ್ಲ, ತೋಳದ ಹಲ್ಲು.

ಗುನ್‌ಬ್ರಿಟ್ ಪರದೆ ನೋಡಿರಲಿಲ್ಲ. ನನ್ನ ಮುಖ ನೋಡಿದ್ದಳು.

"ಕಾಫಿ ಕೊಡ್ಲಾ?"

"ಬೇಡ. ಹಾಲ್ವಾರ್ ಮನೇಲಿದಾನಾ?"

"ಇದಾನೆ. ಯಾಕೆ, ಮತ್ತೆ ಬೈಯೋಕಾ?"

"ಅಲ್ಲ."

"ನಿನ್ನ ಕಂಡ್ರೆ ಬಾಗಿಲು ತೆಗೀತಾನೋ ಇಲ್ವೋ, ಗೊತ್ತಿಲ್ಲ ಕಣೋ."

"ತೆಗೆಯೋವರೆಗೂ ನಿಂತಿರ್ತೀನಿ," ಎಂದು ಎದ್ದೆ.