ಮೂಗುತಿ ತೆಗೆದಿಟ್ಟ ಹದಿನೆಂಟು ದಿನ

ಬೆಳಿಗ್ಗೆ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದೆ. ಆಫೀಸಿನ ಬಸ್ಸಿಗೆ ಹೊರಟಿದ್ದ ನಮ್ಮ ಯಜಮಾನರು ಬಾಗಿಲಿಂದ ವಾಪಸು ಬಂದು ನನ್ನೆದುರು ಬಗ್ಗಿದರು.

"ಸುಮಿತ್ರಾ, ಅಲ್ಲಾಡಬೇಡ."

ಉಸಿರು ಹಿಡಿದು ಮುಖ ಎತ್ತಿದೆ. ನನ್ನ ಮೂಗುತಿ ಕುಂಕುಮದ ಭರಣಿ ಸೇರಿ ಅಂದಿಗೆ ಹದಿನೆಂಟು ದಿನ. ತಿರುಪು ಸಡಿಲವಾಗಿತ್ತು, ಅಷ್ಟೇ. ಇವರೇ ನೋಡಿ ಕೇಳಲಿ, ಆಮೇಲೆ ಸರಿಮಾಡಿಸೋಣ ಎಂದು ಸುಮ್ಮನಿದ್ದೆ.

ಇವರ ಕೈ ನನ್ನ ಕೆನ್ನೆಯ ಪಕ್ಕದಿಂದಲೇ ಇಳಿದು ಮೊರದಿಂದ ಒಂದು ಬಿಳಿ ಕಲ್ಲನ್ನು ಎತ್ತಿತು.

"ನೋಡು, ಥೇಟ್ ಅಕ್ಕಿ ಬಣ್ಣ. ನಿನ್ನ ಕಣ್ಣಿಗೆ ಸಿಕ್ತಿರಲಿಲ್ಲ."

"ಇಲ್ಲ, ಸಿಕ್ತಿರಲಿಲ್ಲ" ಎಂದೆ.

ಕೆಳಗೆ ಬಸ್ಸಿನ ಹಾರ್ನ್ ಕೇಳಿತು. ಕಲ್ಲನ್ನು ನನ್ನ ಅಂಗೈಗೆ ಹಾಕಿ ಹೋದರು.

ಉಪಗ್ರಹ ತೆಗೆದ ಚಿತ್ರಗಳ ಮೇಲೆ ಭೂತಗನ್ನಡಿ ಇಟ್ಟು ಕಛ್‌ನ ಕೆರೆಗಳನ್ನು ಹುಡುಕುವುದು ಇವರ ಕೆಲಸ. ಸಾಸಿವೆಯಷ್ಟು ನೀರೂ ತಪ್ಪಿಸಿಕೊಳ್ಳುವುದಿಲ್ಲ. ಕನ್ನಡದ ಊರು ಬಿಟ್ಟು ಇಲ್ಲಿ ಮಣಿನಗರಕ್ಕೆ ಬಂದ ಮೇಲೆ ನನ್ನೊಡನೆ ಕನ್ನಡ ಮಾತಾಡುವ ದೊಡ್ಡವರು ಇವರೊಬ್ಬರೇ. ಪಕ್ಕದ ಮನೆಯ ಹಂಸಾಬೆನ್ ಮೂಗುತಿ ತೆಗೆದ ಎರಡನೇ ದಿನವೇ ಬಾಲ್ಕನಿಯಿಂದ ತಮ್ಮ ಭಾಷೆಯಲ್ಲಿ ಕೇಳಿದ್ದರು, "ಅರೆ ಸುಮಿತ್ರಾಬೆನ್, ಮೂಗು ಯಾಕೆ ಖಾಲಿ?" ಇವರು ಮಾತ್ರ ಕೇಳಲಿಲ್ಲ. ರಾತ್ರಿ ಬಡಿಸುವಾಗ ಬೆಳಕಿಗೆ ಮುಖ ಮಾಡಿ ನಿಲ್ಲುತ್ತಿದ್ದೆ. ತಟ್ಟೆಯಿಂದ ತಲೆ ಎತ್ತುತ್ತಾರಾ ಎಂದು ಕಾಯುತ್ತಿದ್ದೆ.

ಕಲ್ಲನ್ನು ಕಿಟಕಿಯಾಚೆ ಎಸೆದು ತಿರುಗಿದೆ. ಒಂಬತ್ತು ವರ್ಷದ ಮಗಳು ವಿಭಾ ರೊಟ್ಟಿ ತಿನ್ನುತ್ತಿದ್ದಳು. ಗರಿಗರಿ ಅಂಚನ್ನೆಲ್ಲ ಮುರಿದು ಪಕ್ಕಕ್ಕಿಟ್ಟಿದ್ದಳು.

"ಅಂಚೇ ಬೇಕು ಅಂತ ಜಗಳ ಆಡ್ತಿದ್ದೆ, ಈಗೇನಾಯ್ತು ಪುಟ್ಟಿ?"

ಅವಳು ಎದ್ದು ಹೋಗಿ ಕಂಪಾಸ್ ಪೆಟ್ಟಿಗೆ ತಂದು ತೆರೆದಳು. ರಬ್ಬರಿನ ಪಕ್ಕ, ಹತ್ತಿಯಲ್ಲಿ ಸುತ್ತಿಟ್ಟ ದವಡೆಯ ಒಂದು ಹಾಲುಹಲ್ಲು. ಬುಡದಲ್ಲಿ ರಕ್ತ ಒಣಗಿತ್ತು.

"ಯಾವಾಗ ಬಿತ್ತೇ ಇದು?"

"ಸೋಮವಾರ. ಸ್ಕೂಲಲ್ಲಿ. ಬಹುತ್ ಖೂನ್ ಬಂತು."

ಅಂದು ಶುಕ್ರವಾರ. ನಾಲ್ಕು ದಿನ ನನ್ನ ಮುಂದೆಯೇ ಕೂತು ಅವಳು ಒಂದೇ ಕಡೆಯಿಂದ ಅಗಿದು ತಿಂದಿದ್ದಳು.

"ಹೇಳೋದಲ್ವಾ ಕಂದ, ನಂಗೆ?"

"ನೀನೇ ನೋಡ್ತೀಯ ಅಂತ ವೇಟ್ ಮಾಡ್ದೆ."

ಅವಳನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡೆ. ಅವಳು ನನ್ನ ಖಾಲಿ ಮೂಗನ್ನು ಬೆರಳಿಂದ ಮುಟ್ಟಿದಳು. ಅದನ್ನೂ ಅವಳು ಎಂದೋ ನೋಡಿದ್ದಳು. ಆಮೇಲೆ ಕೇಳಿದಳು:

"ಊಟ ಮಾಡೋವಾಗ ನೀನು ಪಪ್ಪಾನ್ನೇ ನೋಡ್ತಿರ್ತೀಯ ಮಮ್ಮಿ. ನನ್ನ ಯಾವಾಗ ನೋಡ್ತೀಯ?"