ಕಾರ್ಯದರ್ಶಿಯ ತಾಯಿನುಡಿ

ಈಜಿಪ್ಟಿನ ದಕ್ಷಿಣದಿಂದ ಬಂದ ನೂಬಿಯನ್ನರು ಅಲೆಕ್ಸಾಂಡ್ರಿಯಾದಲ್ಲಿ ಕಟ್ಟಿಕೊಂಡ ಸಂಘಕ್ಕೆ ಶಾಝಲಿ ಬಹುಕಾಲದ ಕಾರ್ಯದರ್ಶಿ. ತಾಯಿನುಡಿ ಮರೆತ ಹುಡುಗರನ್ನು ವೇದಿಕೆ ಮೇಲಿಂದ ತರಾಟೆಗೆ ತೆಗೆದುಕೊಳ್ಳುವುದೆಂದರೆ ಅವನಿಗೆ ಬಲು ಹುರುಪು. ಆ ಭಾಷಣವೆಲ್ಲ ಅರಬ್ಬಿಯಲ್ಲಿರುತ್ತಿತ್ತು ಎಂಬುದು ಬೇರೆ ಮಾತು. ಭಾಷಣದಲ್ಲಿ ನೂರು ಸಲ ಬಂದುಹೋಗುತ್ತಿದ್ದ 'ನಮ್ಮೂರ'ನ್ನೂ ಅವನು ಕಂಡಿರಲಿಲ್ಲ. ಕಡೆಗೆ ಅಜ್ಜಿಯ ತಂಗಿ ದಹಬ್, "ನಾನು ಸಾಯೋಕ್ಮುಂಚೆ ಒಂದ್ಸಲ ಮುಖ ತೋರ್ಸಿ ಹೋಗೋ" ಎಂದು ಫೋನು ಮಾಡಿಸಿದ ಮೇಲೆ ಹೊರಟ.

ಅಸ್ವಾನಿನಲ್ಲಿ, ನೈಲ್ ನದಿಯ ದಡದಲ್ಲಿ, ದೋಣಿಯ ಮುದುಕ ಮಿರ್ಗನಿ ಇವನ ಹೊಸ ಟೋಪಿ, ಕೊರಳಿನ ಕ್ಯಾಮೆರಾ ನೋಡಿ ಅರಬ್ಬಿಯಲ್ಲಿ ಕರೆದ: "ಬನ್ನಿ ಸಾಹೇಬ್ರೇ, ಬಣ್ಣದ ಹಳ್ಳಿ ತೋರಿಸ್ತೀನಿ. ಒಂಟೆ ಹತ್ತುತೀರಾ? ಮೊಸಳೆ ಮರಿ ಹಿಡ್ಕೊಂಡು ಫೋಟೋ?"

ಶಾಝಲಿಗೆ ಮೈಯೆಲ್ಲ ಉರಿದುಹೋಯಿತು. ಎದೆ ಸೆಟೆಸಿ, ಶುದ್ಧ ನೂಬಿಯನ್ನಿನಲ್ಲಿ, "ನಾನು ಇಲ್ಲಿಯವನೇ. ನನ್ನನ್ನು ಊರಿಗೆ ಕರೆದೊಯ್ಯಿ" ಎಂದ. ಹಾಗೆಂದೆ ಎಂದುಕೊಂಡ. ದೋಣಿಯಲ್ಲಿದ್ದ ಹೆಂಗಸರು ತಲೆವಸ್ತ್ರದಿಂದ ಬಾಯಿ ಮುಚ್ಚಿಕೊಂಡರು.

ಅವರ ಕಿವಿಗೆ ಬಿದ್ದದ್ದು ಇದು: "ಪಾಪು ಇಲ್ಲೇ ಇದೆ. ಪಾಪುನ ಎತ್ಕೋ, ಟಾಟಾ ಹೋಗೋಣ."

"ಎತ್ಕೋಬಹುದಿತ್ತು ಕಂದಾ," ಎಂದ ಮಿರ್ಗನಿ, ನಗದೆ. "ಸೊಂಟ ಹಿಡ್ಕೊಂಡಿದೆ. ಇವತ್ತೊಂದಿನ ನೀನೇ ಹತ್ತು."

ಶಾಝಲಿಗೆ ಆಗ ಹೊಳೆಯಿತು. ಅವನಿಗೆ ನೂಬಿಯನ್ ಕಲಿಸಿದ್ದು ಅಜ್ಜಿ. ಅವನಿಗೆ ನಾಲ್ಕು ತುಂಬುವಷ್ಟರಲ್ಲಿ ಅಜ್ಜಿ ತೀರಿಹೋಗಿದ್ದಳು. ಅವನ ಮೀಸೆ ಬೆಳೆದು ನರೆತಿತ್ತು. ಭಾಷೆ ಮಾತ್ರ ಇನ್ನೂ ಅಂಬೆಗಾಲಿಡುತ್ತಿತ್ತು. ಇನ್ನು ಬಾಯಿ ಬಿಟ್ಟರೆ ಅರಬ್ಬಿಯೇ ಎಂದು ಹೊಳೆಯ ನಡುವೆ ಶಪಥ ಮಾಡಿದ.

ಶಪಥ ಊಟದವರೆಗೆ ಉಳಿಯಿತು. ದಹಬ್ ಅಜ್ಜಿಯ ನೀಲಿ ಗೋಡೆಯ ಅಂಗಳದಲ್ಲಿ ನೆರೆಹೊರೆಯವರೆಲ್ಲ ಸೇರಿದ್ದರು. ಅವಳ ಸೊಸೆ ರೊಟ್ಟಿಯ ಮೇಲೆ ರೊಟ್ಟಿ ಹಾಕುತ್ತಲೇ ಹೋದಾಗ ಅವನ ಬಾಯಿ ತಾನಾಗಿ ಜಾರಿತು: "ಬುವ್ವ ಸಾಕು. ಹೊಟ್ಟೆ ಡುಮ್ಮ."

ಅಂಗಳವೆಲ್ಲ ಘೊಳ್ಳೆಂದಿತು. ಬಾಗಿಲಲ್ಲಿ ನಿಂತಿದ್ದ ಮಿರ್ಗನಿ, "ನಾನ್ ಹೇಳಿದ್ರೆ ಯಾರೂ ನಂಬ್ಲಿಲ್ಲ!" ಎಂದು ತೊಡೆ ತಟ್ಟಿದ. ಶಾಝಲಿ ತಟ್ಟೆಯಲ್ಲಿ ಮುಖ ಹುದುಗಿಸಿದ.

ದಹಬ್ ಅಜ್ಜಿ ನಗಲಿಲ್ಲ. ಮಂಜುಗಣ್ಣಿನ ಮುದುಕಿ ತಡವರಿಸಿ ಅವನ ಗಲ್ಲ ಹಿಡಿದಳು. "ನಮ್ಮಕ್ಕ ಹಿಂಗೇ ರಾಗ ಎಳೀತಿದ್ಲು. ಅವಳು ಹೋದ್ಮೇಲೆ ಈ ಮಾತು ಕೇಳೇ ಇರ್ಲಿಲ್ಲ ಕಣೋ. ಇನ್ನೂ ಹೇಳು."

ಹೇಳಿದ. ನರೆತ ಮೀಸೆಯ ಕಾರ್ಯದರ್ಶಿ ಊರೆದುರು ತಾಚಿ, ಉಚ್ಚೆ, ಗುಮ್ಮ, ಎಲ್ಲವನ್ನೂ ಒಪ್ಪಿಸಿದ. ಮುದುಕಿ ಕಣ್ಣು ಮುಚ್ಚಿ ಕೇಳಿದಳು. ಅವನ ಭಂಡಾರ ಬೇಗನೆ ಬರಿದಾಯಿತು.

"ಅಷ್ಟೇನಾ?" ಎಂದಳು ಕಣ್ಣೊರೆಸಿಕೊಂಡು. "ಸರಿ, ನಾಳೆಯಿಂದ ದೊಡ್ಡೋರ ಮಾತು. ಮೊದ್ಲು ಬೈಗುಳ ಕಲಿ. ಅದಿಲ್ದೆ ಈ ಊರಲ್ಲಿ ಯಾವ ಕೆಲ್ಸಾನೂ ಆಗಲ್ಲ."

ಮರುದಿನ ಬೆಳಿಗ್ಗೆ ಮನೆಮುಂದಿನ ಜಗಲಿಯಲ್ಲಿ ಪಾಠ. ಅಜ್ಜಿ ಹೇಳಿಕೊಟ್ಟದ್ದನ್ನು ಶಾಝಲಿ ಗಂಟಲು ಬಿಚ್ಚಿ ಒಪ್ಪಿಸುತ್ತಿದ್ದ. ಎದುರು ಮನೆಯ ಹಳದಿ ಬಾಗಿಲು ಧಡಾರನೆ ತೆರೆಯಿತು.

"ಯಾರಿಗೋ ಅಂತಿರೋದು ಅದು? ನಾಲಿಗೆ ಬಿಗಿ ಹಿಡಿದು ಮಾತಾಡು!" ಎಂದು ಹಿಟ್ಟಿನ ಕೈಯಲ್ಲೇ ಒಬ್ಬ ಹೆಂಗಸು ಹೊರಗೆ ಬಂದಳು.

ಅವನ ನೂಬಿಯನ್ ಕೇಳಿ ನಗದೆ ಸಿಟ್ಟಾದವಳು ಅವಳೇ ಮೊದಲು. ಶಾಝಲಿಗೆ ಆದ ಸಂಭ್ರಮ ಅಷ್ಟಿಷ್ಟಲ್ಲ. ಕ್ಷಮೆ ಕೇಳುವುದು ಹೇಗೆಂದು ಅಜ್ಜಿಯನ್ನು ವಿಚಾರಿಸಿದ. ಅಜ್ಜಿ, "ಅದು ಆಮೇಲಿನ ಪಾಠ" ಎಂದಳು.